ಡಬ್ಬಿಯ ಹಿಂಬದಿ ಓದಿ, ಅದೂ ಕೆಳಗಿನ ಸಾಲಿಂದ

ಅಕ್ಕನ ಮಗಳು ಬಾಣಂತನಕ್ಕೆ ಬಂದದ್ದು ಜೂನ್ ಕೊನೆಗೆ, ನಮ್ಮ ಕಾಸರಗೋಡಿನ ಬದಿಯಡ್ಕದಲ್ಲಿ ಆಗ ಮಳೆ ಬಿಡುದೇ ಇಲ್ಲ, ಬಟ್ಟೆ ಒಣಗುದಿಲ್ಲ, ಮಗು ಮಂಗಳೂರಿನ ಆಸ್ಪತ್ರೆಯಿಂದ ಮನೆಗೆ ಬಂದು ಹನ್ನೆರಡು ದಿನ ಆಗುವಾಗ ಕಪಾಟಿನ ಮೇಲೆ ಹದಿನೇಳು ಸಾಮಾನು ಸೇರಿತ್ತು. ನೋಡ್ಲಿಕ್ಕೆ ಬಂದವರೆಲ್ಲ ಒಂದೊಂದು ಗಿಫ್ಟ್ ಸೆಟ್ ತಂದಿದ್ರು, ಪೌಡರ್, ಶಾಂಪೂ, ಲೋಷನ್, ವೈಪ್ಸ್, ಮಗುವಿಗೆ ಸೆಂಟು ಕೂಡ, ಅದರ ಮೇಲೆ ದುಬೈಯಿಂದ ಭಾವ ಕಳ್ಸಿದ ಎರಡು ದೊಡ್ಡ ಕುಪ್ಪಿ. ಮಗುವಿನ ತೊಡೆಸಂದಿ ಕೆಂಪಾಗಿ, ಹೊಟ್ಟೆ ಮೇಲೆ ಸಣ್ಣ ಸಣ್ಣ ಬೊಕ್ಕೆ ಎದ್ದು, ರಾತ್ರಿ ಇಡೀ ಅಳು. "ಚಿಕ್ಕಮ್ಮ, ಇದ್ರಲ್ಲಿ ಯಾವುದು ಹಚ್ಬೇಕು, ಯಾವುದು ಬೇಡ, ನನಗೆ ತಲೆಗೆ ಹೋಗುದಿಲ್ಲ" ಅಂತ ಅವಳು ಅತ್ತೇ ಬಿಟ್ಳು.

ನಾನು ಫಾರ್ಮಸಿ ಓದಿ ಹನ್ನೊಂದು ವರ್ಷ ಮೆಡಿಕಲ್‌ನಲ್ಲಿ ನಿಂತವಳು. ಆ ದಿನ ಇಬ್ರೂ ಕೂತು ಹದಿನೇಳನ್ನೂ ತಿರುಗಿಸಿ ಓದಿದೆವು, ಕೊನೆಗೆ ಕಪಾಟಲ್ಲಿ ಉಳಿದದ್ದು ನಾಲ್ಕೇ. ಓದಿದ್ದು ಹೇಗೆ, ಬಿಟ್ಟದ್ದು ಎಂತಕ್ಕೆ ಅಂತ ಇಲ್ಲಿ ಬರೀತಿದ್ದೇನೆ, ಯಾಕಂದ್ರೆ ಇಲ್ಲಿ ಅಂಗಡಿಯಲ್ಲಿ ಸಿಗುವ ಡಬ್ಬಿಯಲ್ಲಿ ಇಂಗ್ಲಿಷ್ ಇರ್ತದೆ, ಕೆಲವದ್ರಲ್ಲಿ ಹಿಂದಿ ಇರ್ತದೆ, ಕನ್ನಡ ಮೀಡಿಯಂ ಕಲಿತ ನಮ್ಮ ಅಮ್ಮಂದಿರಿಗೆ ಓದ್ಲಿಕ್ಕೆ ಆಗುವ ಒಂದು ಸಾಲೂ ಇರುದಿಲ್ಲ.

ಒಂದು ಮಾತು ಮೊದಲೇ ಹೇಳ್ತೇನೆ. "ಕಂಪೆನಿಯವರು ಮಾಡಿದ್ದಲ್ವಾ, ಸರ್ಕಾರ ಬಿಟ್ಟದ್ದಲ್ವಾ, ಎಂತ ಆಗ್ತದೆ" ಅಂತ ಕೇಳುವವರು ಇದ್ದಾರೆ. ಪೆರ್ಲದಿಂದ ಪಡ್ರೆ ಕಡೆಗೆ ಹೋದವರಿಗೆ ಇದಕ್ಕೆ ಉತ್ತರ ಗೊತ್ತುಂಟು. ಎಂಡೋಸಲ್ಫಾನ್ ಅನ್ನುವ ಕೀಟನಾಶಕವನ್ನು ಅಲ್ಲಿನ ಗೇರುತೋಟಕ್ಕೆ ಹೆಲಿಕಾಪ್ಟರಿಂದ ಹೊಡೆದದ್ದು ಎರಡು ದಶಕಕ್ಕಿಂತ ಹೆಚ್ಚು, ನಿಂತದ್ದು 2000ದಲ್ಲಿ, ಇಡೀ ದೇಶಕ್ಕೆ ಸುಪ್ರೀಂ ಕೋರ್ಟ್ ತಡೆ ಹಾಕಿದ್ದು 2011ರಲ್ಲಿ. ಅಷ್ಟು ವರ್ಷ ಅದೂ ಅನುಮತಿ ಇದ್ದ ವಸ್ತುವೇ. ಲೋಷನ್ನೂ ಎಂಡೋಸಲ್ಫಾನೂ ಒಂದೇ ಅಂತ ನಾನು ಹೇಳುದಿಲ್ಲ, ಹಾಗೆ ಹೇಳಿದ್ರೆ ಅದು ಆ ಮನೆಗಳಿಗೆ ಮಾಡುವ ಅನ್ಯಾಯ. ಆದ್ರೆ ಓದಿ ನೋಡಿ ತಗೊಳ್ಳುವ ಅಭ್ಯಾಸ ನಮ್ಮೂರಲ್ಲಿ ಬೇರೆ ಎಲ್ಲಿಗಿಂತ ಜಾಸ್ತಿ ಇರ್ಬೇಕು ಅಂತ ನನ್ನ ಆಸೆ.

ಮೊದಲ ಕೆಲಸ: ಪಟ್ಟಿ ಸಣ್ಣ ಮಾಡಿ

ಮಗು ಹುಟ್ಟಿದ ಮೊದಲ 24 ಗಂಟೆ ಸ್ನಾನವೇ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳ್ತದೆ, ಮೈಮೇಲೆ ಬೆಣ್ಣೆ ಮೆತ್ತಿದ ಹಾಗೆ ಇರ್ತದಲ್ಲ, ಅದು ಚರ್ಮ ಕಾಪಾಡ್ಲಿಕ್ಕೆ ಇರುದು, ಉಜ್ಜಿ ತೆಗೀಬಾರ್ದು. ಮಗುವಿನ ಚರ್ಮ ತೆಳು, ತೂಕಕ್ಕೆ ಹೋಲಿಸಿದ್ರೆ ಮೈಯ ವಿಸ್ತಾರ ದೊಡ್ಡವರಿಗಿಂತ ಜಾಸ್ತಿ, ಹಾಗಾಗಿ ಹಚ್ಚಿದ್ದು ಒಳಗೆ ಹೋಗುದೂ ಜಾಸ್ತಿ. ದೊಡ್ಡವರ ಚರ್ಮ ಸ್ವಲ್ಪ ಹುಳಿ ಗುಣದ್ದು, ಪಿಎಚ್ ಲೆಕ್ಕದಲ್ಲಿ (ಅಂಕಿ ಕಡಿಮೆ ಆದಷ್ಟು ಹುಳಿ ಜಾಸ್ತಿ) 5.5ರ ಹತ್ತಿರ, ಮಗುವಿನದ್ದು ಹುಟ್ಟಿದ ಮೇಲೆ ವಾರ ವಾರ ಅಲ್ಲಿಗೆ ಇಳಿಯುದು, ನಮ್ಮ ಮಾಮೂಲಿ ಸಾಬೂನಿನ ಪಿಎಚ್ 9ರಿಂದ 10. ದಿನಾ ಎರಡು ಹೊತ್ತು ಸಾಬೂನು ತಿಕ್ಕಿದ್ರೆ ಆ ಹುಳಿಗುಣ ನಿಲ್ಲುದು ಹೇಗೆ?

ಹಾಗಾದ್ರೆ ಬೇಕಾದ್ದು ಎಂತ? ಬೆಚ್ಚಗಿನ ನೀರು, ವಾರದಲ್ಲಿ ಎರಡು ಮೂರು ಸಲಕ್ಕೆ ವಾಸನೆ ಇಲ್ಲದ ಒಂದು ಮೃದು ಬೇಬಿ ವಾಷ್, ಒಂದು ಒಳ್ಳೆ ಎಣ್ಣೆ, ಕೆಂಪಾದ್ರೆ ಹಚ್ಲಿಕ್ಕೆ ಝಿಂಕ್ ಆಕ್ಸೈಡ್ ಪೇಸ್ಟ್, ಒಣಗಿದ ಚರ್ಮಕ್ಕೆ ಬರೀ ಪೆಟ್ರೋಲಿಯಂ ಜೆಲ್ಲಿ. ಪೆಟ್ರೋಲಿಯಂ ಅಂತ ಹೆಸರು ಕೇಳಿ ಹೆದರ್ತಾರೆ, ಶುದ್ಧ ಮಾಡಿದ ಬಿಳಿ ಜೆಲ್ಲಿಯಲ್ಲಿ ನೀರಿಲ್ಲ, ಹಾಗಾಗಿ ಕೆಡದ ಹಾಗೆ ಹಾಕುವ ಪ್ರಿಸರ್ವೇಟಿವ್ ಬೇಕಿಲ್ಲ, ಅಲರ್ಜಿ ತರುದು ತುಂಬಾ ಅಪರೂಪ, ಹತ್ತು ಹೂವಿನ ಹೆಸರು ಬರೆದ ಲೋಷನಿಗಿಂತ ನನಗೆ ಇದರ ಮೇಲೆ ಜಾಸ್ತಿ ನಂಬಿಕೆ. ಮೀಯಿಸ್ಲಿಕ್ಕೆ ಅಡಿಕೆ ಹಾಳೆ ಇದ್ರೆ ಇನ್ನೂ ಒಳ್ಳೇದು, ನಮ್ಮ ಮನೆಯಲ್ಲಿ ಈಗ್ಲೂ ಅದೇ.

ಎರಡನೇ ಕೆಲಸ: ಓದುದು ಹೇಗೆ

ಸಾಮಗ್ರಿಯ ಹೆಸರುಗಳನ್ನು ಜಾಸ್ತಿ ಇರುದು ಮೊದಲು, ಕಡಿಮೆ ಇರುದು ನಂತರ ಅಂತ ಬರೀತಾರೆ, ಶೇಕಡಾ 1ಕ್ಕಿಂತ ಕಡಿಮೆ ಇರುವುದನ್ನು ಮಾತ್ರ ಕೊನೆಗೆ ಹೇಗೆ ಬೇಕಾದ್ರೂ ಬರೀಬಹುದು. ಪ್ರಿಸರ್ವೇಟಿವ್, ಸೆಂಟು, ಬಣ್ಣ ಎಲ್ಲ ಹೆಚ್ಚಾಗಿ ಆ ಕೊನೇ ಭಾಗದಲ್ಲೇ ಇರುದು. ನಾವು ಮೇಲಿಂದ ಓದ್ಲಿಕ್ಕೆ ಶುರು ಮಾಡಿ ನೀರು, ಗ್ಲಿಸರಿನ್ ಅಂತ ಎರಡು ಹೆಸರು ನೋಡಿ ಸಾಕು ಅಂತ ಬಿಡ್ತೇವೆ. ಕೆಳಗಿನ ಸಾಲಿಂದ ಮೇಲೆ ಓದಿ. ಅಕ್ಷರ ಇರುವೆಯ ಹಾಗೆ ಇರ್ತದೆ, ಮೊಬೈಲಲ್ಲಿ ಫೋಟೋ ತೆಗ್ದು ದೊಡ್ಡ ಮಾಡಿ ನೋಡಿ, ಅಂಗಡಿಯವರು ಬೈದ್ರೂ ಪರವಾಗಿಲ್ಲ, ನಮ್ಮಲ್ಲಿಗೆ ಬಂದವರು ಹಾಗೆ ನೋಡುವಾಗ ನನಗಂತೂ ಖುಷಿ ಆಗ್ತಿತ್ತು. ಇನ್ನೊಂದು, ಮುಂದೆ ದೊಡ್ಡದಾಗಿ ಬಾದಾಮಿ ಚಿತ್ರ ಉಂಟು, ಹಿಂದೆ ಬಾದಾಮಿ ಎಣ್ಣೆಯ ಹೆಸರು ಸೆಂಟಿನ ಅಕ್ಕಪಕ್ಕದಲ್ಲಿ ಉಂಟು ಅಂತಾದ್ರೆ ಅದರಲ್ಲಿ ಬಾದಾಮಿ ಇರುದು ಒಂದೆರಡು ಬಿಂದು ಅಂತ ತಿಳ್ಕೊಳ್ಳಿ.

ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್, ಎಕ್ಸ್‌ಪೈರಿ ಇಲ್ಲದ್ದು ಎಷ್ಟು ಚಂದ ಇದ್ರೂ ಬೇಡ. ಮುಚ್ಚಳ ತೆರೆದ ಡಬ್ಬಿಯ ಸಣ್ಣ ಚಿತ್ರ, ಅದರೊಳಗೆ 12ಎಂ ಅಂತ ಇದ್ರೆ ತೆರೆದ ಮೇಲೆ 12 ತಿಂಗಳು ಅಂತ ಅರ್ಥ.

ಮೂರನೇ ಕೆಲಸ: ಈ ಹೆಸರುಗಳನ್ನು ಹುಡುಕಿ

2018ರಲ್ಲಿ ಕೇರಳದಲ್ಲಿ ಮೀನಿಗೆ ಫಾರ್ಮಲಿನ್ ಹಾಕ್ತಾರೆ ಅಂತ ದೊಡ್ಡ ಗಲಾಟೆ ಆದದ್ದು ನೆನಪುಂಟಲ್ಲ, ಆಪರೇಷನ್ ಸಾಗರ್ ರಾಣಿ ಅಂತ ಚೆಕ್‌ಪೋಸ್ಟಲ್ಲಿ ಲಾರಿ ಲಾರಿ ಹಿಡಿದ್ರು, ತಿಂಗಳು ಗಟ್ಟಲೆ ಜನ ಮೀನು ತಿಂದಿಲ್ಲ. ಆ ಫಾರ್ಮಲಿನ್ ಅಂದ್ರೆ ನೀರಲ್ಲಿ ಕರಗಿಸಿದ ಫಾರ್ಮಾಲ್ಡಿಹೈಡ್. ಅದನ್ನೇ ಸ್ವಲ್ಪ ಸ್ವಲ್ಪ ಬಿಡುಗಡೆ ಮಾಡುವ ಪ್ರಿಸರ್ವೇಟಿವ್‌ಗಳು ಶಾಂಪೂ ಲೋಷನಲ್ಲಿ ಇರ್ತವೆ, ಡಬ್ಬಿಯಲ್ಲಿ ಮಾತ್ರ ಫಾರ್ಮಲಿನ್ ಅಂತ ಬರೆದಿರುದಿಲ್ಲ, ಡಿಎಂಡಿಎಂ ಹೈಡಾಂಟೋಯಿನ್, ಕ್ವಾಟರ್ನಿಯಮ್-15, ಇಮಿಡಜೊಲಿಡಿನೈಲ್ ಯೂರಿಯಾ, ಡಯಾಜೊಲಿಡಿನೈಲ್ ಯೂರಿಯಾ ಅಂತ ಇರ್ತದೆ. ಪ್ರಮಾಣ ತುಂಬಾ ಕಡಿಮೆ, ಮೀನಿಗೆ ಹಾಕಿದ ಹಾಗೆ ಅಲ್ಲ, ಆದ್ರೆ ಚರ್ಮದ ಅಲರ್ಜಿ ತರುವುದರಲ್ಲಿ ಇವುಗಳ ಹೆಸರು ಹಳೇದು, ಬೇರೆ ದಾರಿ ಇರುವಾಗ ಮಗುವಿಗೆ ಎಂತಕ್ಕೆ.

ವೈಪ್ಸ್ ತಗೊಳ್ಳುವಾಗ ಮೀಥೈಲ್ ಐಸೋಥಯಾಜೊಲಿನೋನ್ ಅಂತ ಉಂಟಾ ನೋಡಿ. ಉದ್ದ ಹೆಸರು, ಕೊನೆಗೆ ಥಯಾಜೊಲಿನೋನ್ ಅಂತ ಇದ್ರೆ ಸಾಕು, ಇಟ್ಟು ಬನ್ನಿ. ಅಮೆರಿಕದ ಚರ್ಮದ ಅಲರ್ಜಿ ಡಾಕ್ಟರುಗಳ ಸಂಘ 2013ಕ್ಕೆ ಇದನ್ನು ಆ ವರ್ಷದ ಅಲರ್ಜಿಕಾರಕ ಅಂತ ಹೆಸರಿಸಿತ್ತು, ಯುರೋಪಿನಲ್ಲಿ ಹಚ್ಚಿ ತೊಳೆಯದೆ ಬಿಡುವ ವಸ್ತುಗಳಿಗೆ 2017ರಿಂದ ಇದನ್ನು ಹಾಕುವ ಹಾಗೆ ಇಲ್ಲ. ವೈಪ್ಸ್ ಅಂದ್ರೆ ಉಜ್ಜಿ ಹಾಗೇ ಬಿಡುದು, ಮೇಲಿಂದ ಡಯಾಪರ್ ಮುಚ್ಚುದು. ನಮ್ಮ ಮಗುವಿನ ತೊಡೆಸಂದಿಗೆ ಹಚ್ಚಿದ ವೈಪ್ಸಲ್ಲಿ ಇದು ಇತ್ತು. ಮನೆಯಲ್ಲಿ ಇರುವಾಗ ಹತ್ತಿಯೂ ಕುದಿಸಿ ತಣಿಸಿದ ನೀರೂ ಸಾಕು, ಬಸ್ಸಲ್ಲಿ ಕಾರಲ್ಲಿ ಹೋಗುವಾಗ ಮಾತ್ರ ವೈಪ್ಸ್ ಇಟ್ಕೊಳ್ಳಿ.

ಪ್ಯಾರಬೆನ್ ಅನ್ನುದು ಇನ್ನೊಂದು ಜಾತಿಯ ಪ್ರಿಸರ್ವೇಟಿವ್, ಅದರ ವಿಷಯದಲ್ಲಿ ಅರ್ಧಂಬರ್ಧ ಮಾತು ಜಾಸ್ತಿ. ಎಲ್ಲ ಪ್ಯಾರಬೆನ್ ಒಂದೇ ಅಲ್ಲ. ಯುರೋಪಿನವರು 2014ರಲ್ಲಿ ಐಸೋಪ್ರೊಪೈಲ್, ಐಸೋಬ್ಯುಟೈಲ್, ಫೀನೈಲ್, ಬೆಂಝೈಲ್, ಪೆಂಟೈಲ್ ಪ್ಯಾರಬೆನ್‌ಗಳನ್ನು ಪೂರ್ತಿ ತೆಗೆದ್ರು, ಪ್ರೊಪೈಲ್, ಬ್ಯುಟೈಲ್ ಎರಡನ್ನು ಮೂರು ವರ್ಷದೊಳಗಿನ ಮಕ್ಕಳ ಡಯಾಪರ್ ಜಾಗಕ್ಕೆ ಹಚ್ಚುವ ಕ್ರೀಮಿಗೆ ಬೇಡ ಅಂದ್ರು, ಮೀಥೈಲ್, ಈಥೈಲ್ ಈಗ್ಲೂ ಅಲ್ಲಿ ಮಿತಿಯೊಳಗೆ ನಡೀತದೆ. ಕಾರಣ ಎಂತ ಅಂದ್ರೆ ಇವು ಸಣ್ಣ ಮಟ್ಟದಲ್ಲಿ ಈಸ್ಟ್ರೋಜನ್ ಹಾರ್ಮೋನಿನ ಹಾಗೆ ವರ್ತಿಸ್ತವೆ, ಕೆಂಪಾಗಿ ಕೆರಳಿದ ಚರ್ಮದಲ್ಲಿ ಜಾಸ್ತಿ ಒಳಗೆ ಹೋಗ್ತವೆ. ಹಾಗಂತ ಪ್ರಿಸರ್ವೇಟಿವೇ ಇಲ್ಲದ ನೀರು ಬೆರೆತ ಲೋಷನ್ ಅಂತ ಯಾರೋ ಮನೆಯಲ್ಲಿ ಮಾಡಿ ವಾಟ್ಸಾಪಲ್ಲಿ ಮಾರಿದ್ರೆ ಅದೂ ಬೇಡ, ನಮ್ಮ ಸೆಕೆಗೆ ಅದ್ರಲ್ಲಿ ಬೂಷ್ಟು, ಬ್ಯಾಕ್ಟೀರಿಯಾ ಬೆಳೀಲಿಕ್ಕೆ ಎಷ್ಟು ಹೊತ್ತು ಬೇಕು.

ಸೆಂಟಿಗೆ ಪರ್ಫ್ಯೂಮ್, ಪರ್ಫಂ, ಫ್ರೇಗ್ರೆನ್ಸ್ ಅಂತೆಲ್ಲ ಬರೀತಾರೆ. ಆ ಒಂದೇ ಶಬ್ದದ ಒಳಗೆ ಹತ್ತಾರು ರಾಸಾಯನಿಕ ಇರಬಹುದು, ಬಿಡಿಸಿ ಹೇಳುದಿಲ್ಲ, ಪರಿಮಳ ಜಾಸ್ತಿ ಹೊತ್ತು ನಿಲ್ಲಿಸ್ಲಿಕ್ಕೆ ಥಾಲೇಟ್ ಅನ್ನುದನ್ನು ಸೇರಿಸುದೂ ಉಂಟು. ಒಂದೇ ಒಂದು ಬದಲಾವಣೆ ಮಾಡುವ ಶಕ್ತಿ ಇರುದು ಅಂತಾದ್ರೆ ನಾನು ಹೇಳುದು ಇದನ್ನೇ, ಸೆಂಟು ಇಲ್ಲದ್ದು ತಗೊಳ್ಳಿ. ಮಗುವಿಗೆ ಮಗುವಿನದ್ದೇ ಒಂದು ವಾಸನೆ ಉಂಟು, ಅದು ಸಾಕು.

ಸೋಡಿಯಂ ಲಾರಿಲ್ ಸಲ್ಫೇಟ್, ನೊರೆ ಬರಿಸುವಂಥದ್ದು, ಚರ್ಮದ ಪ್ರಯೋಗ ಮಾಡುವ ವಿಜ್ಞಾನಿಗಳು ಬೇಕಂತಲೇ ಚರ್ಮ ಉರಿ ಮಾಡ್ಬೇಕಾದಾಗ ಇದನ್ನೇ ಹಚ್ಚುದು. ಇಷ್ಟು ಹೇಳಿದ್ರೆ ಸಾಕಲ್ಲ. ಬಣ್ಣಗಳಿಗೆ ಸಿಐ ಅಂತ ಬರೆದು ಐದು ಅಂಕಿ ಇರ್ತದೆ, ಮಗುವಿನ ಸಾಬೂನು ಗುಲಾಬಿ ಬಣ್ಣದಲ್ಲಿ ಇರ್ಬೇಕು ಅಂತ ಎಂತ ಉಂಟು? ಬೋರಿಕ್ ಆಸಿಡ್ ಇರುವ ಪೌಡರ್ ಹಳೇ ಅಂಗಡಿಯಲ್ಲಿ ಸಿಕ್ಕಿದ್ರೆ ಮುಟ್ಟಬೇಡಿ, ಒಡೆದ ಚರ್ಮದಿಂದ ಅದು ರಕ್ತಕ್ಕೆ ಹೋಗ್ತದೆ.

ಮುಂದುಗಡೆ ಬರೆದ ಹರ್ಬಲ್, ನ್ಯಾಚುರಲ್, ಡರ್ಮಟಾಲಜಿಸ್ಟ್ ಟೆಸ್ಟೆಡ್ ಇದೆಲ್ಲ ಓದಿ ನಿರ್ಧಾರ ಮಾಡ್ಬೇಡಿ. ಎಷ್ಟು ಜನರ ಮೇಲೆ ಟೆಸ್ಟು, ಫಲಿತಾಂಶ ಎಂತ ಬಂತು, ಡಬ್ಬಿಯಲ್ಲಿ ಇರುದಿಲ್ಲ.

ಪೌಡರ್ ಬೇಡ

ಇದಕ್ಕೆ ನಮ್ಮ ಅಮ್ಮ ಒಪ್ಪಿದ್ದಿಲ್ಲ. "ನಿಮ್ಮನ್ನೆಲ್ಲ ಪೌಡರ್ ಹಾಕಿಯೇ ಸಾಕಿದ್ದು, ಎಂತ ಆಗಿದೆ ನಿಮ್ಗೆ" ಅಂದ್ಳು. "ಅಮ್ಮ, ನೀನು ಡಬ್ಬಿ ಕುಟ್ಟುವಾಗ ಕಿಟಕಿಯ ಬೆಳಕಲ್ಲಿ ನೋಡು" ಅಂತ ತೋರಿಸಿದೆ. ಬಿಸಿಲ ಕೋಲಲ್ಲಿ ಹುಡಿ ಹಾರಿ ಮಗುವಿನ ಮೂಗಿನ ಹತ್ರವೇ ಇಳೀತಿತ್ತು, ಅಮ್ಮ ಮತ್ತೆ ಮಾತಾಡ್ಲಿಲ್ಲ. ಟಾಲ್ಕ್ ಅನ್ನುದು ಭೂಮಿಯಿಂದ ಅಗೆದು ತೆಗೆಯುವ ಕಲ್ಲಿನ ಹುಡಿ, ಕೆಲವು ಗಣಿಗಳಲ್ಲಿ ಅದರ ಜೊತೆ ಕ್ಯಾನ್ಸರ್ ತರುವ ಆಸ್ಬೆಸ್ಟಾಸ್ ಅನ್ನುವ ನಾರುಕಲ್ಲು ಕೂಡ ಇರ್ತದೆ. ಉಸಿರಲ್ಲಿ ಒಳಗೆ ಹೋಗಿ ಶಿಶುಗಳ ಶ್ವಾಸಕೋಶಕ್ಕೆ ಏಟಾದದ್ದು ವೈದ್ಯರ ದಾಖಲೆಯಲ್ಲಿ ಉಂಟು. ಜಾನ್ಸನ್ ಅಂಡ್ ಜಾನ್ಸನ್ ಅಮೆರಿಕ, ಕೆನಡಾದಲ್ಲಿ 2020ರಲ್ಲೇ ಟಾಲ್ಕ್ ಇರುವ ಬೇಬಿ ಪೌಡರ್ ನಿಲ್ಲಿಸಿ, 2023ರಲ್ಲಿ ಇಡೀ ಜಗತ್ತಿನಲ್ಲಿ ನಿಲ್ಲಿಸ್ತು, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2024ರಲ್ಲಿ ಟಾಲ್ಕನ್ನು ಬಹುಶಃ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸ್ತು. ಜೋಳದ ಹಿಟ್ಟಿನ ಪೌಡರ್ ಅಂದ್ರೂ ಹುಡಿ ಹುಡಿಯೇ.

ಇನ್ನೊಂದು ಹಳೇ ಘಟನೆ. 1972ರಲ್ಲಿ ಫ್ರಾನ್ಸಿನಲ್ಲಿ ಮೊರಾಂಜ್ ಅನ್ನುವ ಟಾಲ್ಕ್ ಪೌಡರಿಗೆ ತಪ್ಪಿ ಹೆಕ್ಸಾಕ್ಲೋರೋಫೀನ್ ಅನ್ನುವ ಕ್ರಿಮಿನಾಶಕ ಶೇಕಡಾ 6ರಷ್ಟು ಬೆರೆತು 36 ಮಕ್ಕಳು ಸತ್ತರು. ಡಯಾಪರ್ ಜಾಗದ ಒಡೆದ ಚರ್ಮದಿಂದಲೇ ಒಳಗೆ ಹೋದದ್ದು. ಅದಕ್ಕೇ ಬ್ಯಾಚ್ ನಂಬರ್ ಇಲ್ಲದ್ದು ಬೇಡ ಅಂತ ಮೇಲೆ ಅಷ್ಟು ಒತ್ತಿ ಹೇಳಿದ್ದು, ತಪ್ಪು ಆದಾಗ ಯಾವ ಡಬ್ಬಿ ಅಂತ ಹುಡುಕ್ಲಿಕ್ಕೆ ಇರುದು ಅದೊಂದೇ ದಾರಿ.

ತುರಿಕೆ ಟ್ಯೂಬು: ದಯವಿಟ್ಟು ಇದನ್ನು ಎರಡು ಸಲ ಓದಿ

ಹನ್ನೊಂದು ವರ್ಷದಲ್ಲಿ ನನಗೆ ಅತಿ ಹೆಚ್ಚು ಹೆದರಿಕೆ ಆದದ್ದು ಶಾಂಪೂವಿಂದ ಅಲ್ಲ, ಸಣ್ಣ ಟ್ಯೂಬುಗಳಿಂದ. ಮಗುವಿಗೆ ಕೆಂಪು ಎದ್ದರೆ ಅಪ್ಪನೋ ಮಾವನೋ ಬಂದು "ಮೊನ್ನೆ ನನಗೆ ತುರಿಕೆಗೆ ಕೊಟ್ಟಿದ್ರಲ್ಲ, ಅದೇ ಒಂದು ಕೊಡಿ, ಒಂದೇ ದಿನಕ್ಕೆ ಹೋಯ್ತು" ಅಂತ ಕೇಳ್ತಾರೆ. ಒಂದೇ ದಿನಕ್ಕೆ ಹೋಗುದು ಅದರಲ್ಲಿ ಸ್ಟೀರಾಯ್ಡ್ ಇರುದ್ರಿಂದ. ಕ್ಲೊಬೆಟಾಸಾಲ್, ಬೆಟಾಮೆಥಸೋನ್, ಬೆಕ್ಲೊಮೆಥಸೋನ್, ಮೊಮೆಟಾಸೋನ್ ಅಂತ ಇರ್ತದೆ, ಜೊತೆಗೆ ಒಂದು ಫಂಗಸ್ ಮದ್ದು, ಒಂದು ಆಂಟಿಬಯಾಟಿಕ್ ಸೇರಿಸಿದ್ದೂ ಉಂಟು. ಡಯಾಪರ್ ಒಳಗೆ ಹಚ್ಚಿದಾಗ ಮೇಲಿಂದ ಪ್ಲಾಸ್ಟಿಕ್ ಮುಚ್ಚಿ ಗಾಳಿ ಆಡದೆ ಮದ್ದು ಎಷ್ಟೋ ಪಾಲು ಜಾಸ್ತಿ ಒಳಗೆ ಹೋಗ್ತದೆ, ಚರ್ಮ ತೆಳು ಆಗಿ ಗೆರೆ ಬೀಳ್ತದೆ, ತುಂಬಾ ದಿನ ಹಚ್ಚಿದ್ರೆ ಮಗುವಿನ ಮೈಯೊಳಗಿನ ಸ್ವಂತ ಹಾರ್ಮೋನಿನ ಕೆಲಸಕ್ಕೇ ತಡೆ ಆಗ್ತದೆ. 2018ರ ಮಾರ್ಚಲ್ಲಿ ಕೇಂದ್ರ ಸರ್ಕಾರ ಇಂಥ 14 ಸ್ಟೀರಾಯ್ಡ್ ಕ್ರೀಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಕೊಡಬಾರದ ಪಟ್ಟಿಗೆ ಹಾಕಿದೆ, ಆದ್ರೂ ಕೇಳಿದ್ರೆ ಸಿಗ್ತದೆ, ಆ ನೋವು ನನಗುಂಟು. ಮಕ್ಕಳ ಡಾಕ್ಟರು ನೋಡಿ ಸೌಮ್ಯದ್ದು ಒಂದು ನಾಲ್ಕು ದಿನಕ್ಕೆ ಬರೆದ್ರೆ ಅದು ಬೇರೆ, ಹೇಳಿದಷ್ಟೇ ಹಚ್ಚಿ.

ಡಯಾಪರ್ ಕೆಂಪಿಗೆ ಮೊದಲು ಮಾಡ್ಬೇಕಾದ್ದು ಗಾಳಿ. ಚಂಡಿ ಆದ ಕೂಡ್ಲೆ ಬದಲಿಸಿ, ನೀರಲ್ಲಿ ತೊಳೆದು ಒತ್ತಿ ಒಣಗಿಸಿ, ಸ್ವಲ್ಪ ಹೊತ್ತು ಹಾಗೇ ಬಿಟ್ಟು, ಝಿಂಕ್ ಪೇಸ್ಟ್ ದಪ್ಪಕ್ಕೆ ಹಚ್ಚಿ. ಮಳೆಗಾಲದಲ್ಲಿ ಬಟ್ಟೆ ಒಣಗುದಿಲ್ಲ ಅಂತ ಇಡೀ ದಿನ ಡಯಾಪರ್ ಹಾಕ್ಬೇಡಿ, ಅಜ್ಜನ ಹಳೇ ಪಂಚೆ ಹರಿದು ಮಾಡಿದ ತುಂಡು ಬೇಗ ಒಣಗ್ತದೆ. ಸಂದಿಯ ಒಳಗೇ ಗಾಢ ಕೆಂಪಾಗಿ ಸುತ್ತ ಸಣ್ಣ ಸಣ್ಣ ಚುಕ್ಕೆ ಕಂಡ್ರೆ ಅದು ಫಂಗಸ್ ಇರಬಹುದು, ಆಗ ಡಾಕ್ಟರೇ ನೋಡ್ಬೇಕು.

ಮನೆಯದ್ದನ್ನೂ ಓದ್ಬೇಕು

ಅಂಗಡಿಯದ್ದು ಮಾತ್ರ ಕೆಟ್ಟದ್ದು, ಮನೆಯದ್ದೆಲ್ಲ ಒಳ್ಳೇದು ಅಂತ ತಿಳ್ಕೊಂಡ್ರೆ ತಪ್ಪಾಗ್ತದೆ. ಶೀತ ಆದಾಗ ತೆಂಗಿನೆಣ್ಣೆಗೆ ಕರ್ಪೂರ ಹಾಕಿ ಬಿಸಿ ಮಾಡಿ ಎದೆಗೆ ಉಜ್ಜುದು ನಮ್ಮಲ್ಲಿ ಎಲ್ಲ ಮನೆಯಲ್ಲಿ ಉಂಟು. ಕರ್ಪೂರ ಚರ್ಮದಿಂದ್ಲೂ ಒಳಗೆ ಹೋಗ್ತದೆ, ಶಿಶುಗಳಿಗೆ ಅದ್ರಿಂದ ಅಪಸ್ಮಾರದ ಹಾಗೆ ಸೆಳೆತ ಬರಬಹುದು. ಎರಡು ವರ್ಷದ ಒಳಗೆ ಕರ್ಪೂರ, ಮೆಂಥಾಲ್, ನೀಲಗಿರಿ ಎಣ್ಣೆ ಇರುವ ಯಾವ ಬಾಮೂ ಬೇಡ. ನಮ್ಮಲ್ಲಿ ಮೀಯಿಸ್ಲಿಕ್ಕೆ ಬರುವ ಅಕ್ಕನಿಗೆ ಇದನ್ನು ಹೇಳುದು ಹೇಗೆ ಅಂತ ಯೋಚನೆ ಆಗಿತ್ತು, ಎಷ್ಟೋ ಮಕ್ಕಳನ್ನು ಮೀಯಿಸಿದವರು, "ಅಕ್ಕ, ಎಣ್ಣೆ ನೀವೇ ತಿಕ್ಕಿ, ಕರ್ಪೂರ ಮಾತ್ರ ಬೇಡ, ಡಾಕ್ಟ್ರು ಹೇಳಿದ್ದಾರೆ" ಅಂದದ್ದಕ್ಕೆ ಅವರು ಕೂಡ್ಲೆ ಒಪ್ಪಿದ್ರು.

ಕಣ್ಣಿಗೆ ಕಾಡಿಗೆ ಬೇಡ, ಸುರ್ಮಾ ಅಂತೂ ಬೇಡವೇ ಬೇಡ, ಸುರ್ಮಾ ಹೆಚ್ಚಾಗಿ ಸೀಸದ ಅದಿರನ್ನೇ ಅರೆದದ್ದು, ಸೀಸ ಮಗುವಿನ ಮಿದುಳಿಗೆ ವಿಷ. ಮನೆಯಲ್ಲಿ ದೀಪದ ಮಸಿ ಹಿಡಿದು ಮಾಡಿದ ಕಾಡಿಗೆಯಲ್ಲಿ ಸೀಸ ಇಲ್ಲದಿರಬಹುದು, ಬೆರಳಿನ ಕೊಳೆ ಕಣ್ಣಿಗೆ ಹೋಗುದು ತಪ್ಪುದಿಲ್ಲ. ದೃಷ್ಟಿಗೆ ಅಂತ ಇಡ್ಲೇಬೇಕಾದ್ರೆ ಅಂಗಾಲಿಗೆ ಒಂದು ಚುಕ್ಕೆ ಇಡಿ. ಮಿಂದ ಮೇಲೆ ಸಾಂಬ್ರಾಣಿ ಹೊಗೆ ಹಿಡಿಯುದು, ಸಂಜೆ ಸೊಳ್ಳೆ ಬತ್ತಿ ಉರಿಸುದು ಎರಡೂ ಸಣ್ಣ ಶ್ವಾಸಕೋಶಕ್ಕೆ ಭಾರ, ಟವೆಲ್ಲಲ್ಲಿ ತಲೆ ಒರೆಸಿ, ತೊಟ್ಟಿಲಿಗೆ ಸೊಳ್ಳೆಪರದೆ ಕಟ್ಟಿ.

ಕಪಾಟಿನ ನುಸಿಗುಳಿಗೆ, ಮಲಯಾಳದಲ್ಲಿ ಪಾಟ್ಟಗುಳಿಗ ಅಂತಾರಲ್ಲ, ಅದರ ಜೊತೆ ಎತ್ತಿಟ್ಟ ಹಳೇ ಮಕ್ಕಳ ಬಟ್ಟೆ ತೆಗ್ದು ಹಾಗೇ ಹಾಕ್ಬೇಡಿ. ಅದರಲ್ಲಿ ನ್ಯಾಫ್ತಲಿನ್ ಇದ್ದು, ಮಗುವಿಗೆ ಕೆಂಪು ರಕ್ತಕಣ ಕಾಪಾಡುವ ಜಿ6ಪಿಡಿ ಅನ್ನುವ ಕಿಣ್ವದ ಕೊರತೆ ಇದ್ರೆ, ಇದು ಹುಟ್ಟಿನಿಂದ ಬರುವಂಥದ್ದು, ನೋಡಿದ್ರೆ ಗೊತ್ತಾಗುದಿಲ್ಲ, ಆ ವಾಸನೆ ಹಿಡಿದ ಬಟ್ಟೆಯಿಂದ್ಲೇ ಕೆಂಪು ರಕ್ತಕಣ ಒಡೆದು ಕಾಮಾಲೆ ಏರಬಹುದು.

ತೆಂಗಿನೆಣ್ಣೆ ಒಳ್ಳೇದೇ, ಆದ್ರೆ 2018ರಲ್ಲಿ ಕೇರಳದ ಆಹಾರ ಸುರಕ್ಷಾ ಇಲಾಖೆ ಕಲಬೆರಕೆ ಅಂತ ಹತ್ತಾರು ಬ್ರಾಂಡ್ ನಿಷೇಧ ಮಾಡಿತ್ತು, ಹಾಗಾಗಿ ಕಣ್ಣೆದುರೇ ಗಾಣದಿಂದ ತಂದದ್ದು ಇಲ್ಲದ್ರೆ ತೆಂಗಿನ ಹಾಲು ಕಾಯಿಸಿ ಮನೆಯಲ್ಲೇ ತೆಗೆದದ್ದು ಹಚ್ಚಿ.

ಮತ್ತೆ ಅಮ್ಮನದ್ದು. ನೀವು ಮುಖಕ್ಕೆ ಬೆಳ್ಳಗಾಗುವ ಕ್ರೀಮ್ ಹಚ್ಚಿ ಮಗುವನ್ನು ಎದೆಗೆ ಅಪ್ಪಿದ್ರೆ ಅದು ಮಗುವಿನ ಕೆನ್ನೆಗೂ ಹೋಗ್ತದೆ. ಮಲಪ್ಪುರಂನಲ್ಲಿ 2023ರಲ್ಲಿ ಇಂಥ ಕ್ರೀಮ್ ಹಚ್ಚಿದವರಿಗೆ ಕಿಡ್ನಿ ಕಾಯಿಲೆ ಬಂದದ್ದು ಡಾಕ್ಟರುಗಳು ಕಂಡುಹಿಡಿದ್ರು, ಕಾರಣ ಪಾದರಸ.

ದುಬೈ ಕುಪ್ಪಿ

ಗಲ್ಫಿನಿಂದ ಪ್ರೀತಿಯಲ್ಲಿ ಕಳ್ಸಿದ್ದು, ಬೇಡ ಅನ್ಲಿಕ್ಕೆ ಮನಸ್ಸು ಬರುದಿಲ್ಲ. ಓದುವ ಕ್ರಮ ಅದೇ, ಅರಬಿಯ ಪಕ್ಕದಲ್ಲಿ ಇಂಗ್ಲಿಷ್ ಇರ್ತದೆ. ತಾರೀಕು ಮುಗೀಲಿಕ್ಕೆ ಹತ್ರ ಇದ್ರೆ, ಕೆಳಗಿನ ಸಾಲಲ್ಲಿ ಮೇಲೆ ಹೇಳಿದ ಹೆಸರು ಇದ್ರೆ ದೊಡ್ಡವರು ಕೈ ತೊಳೀಲಿಕ್ಕೆ ಇಟ್ಕೊಳ್ಳಿ. ಮುಂದಿನ ಸಲ ಏನು ತರ್ಬೇಕು ಅಂತ ಮೊದಲೇ ಹೇಳಿದ್ರೆ ಅವರಿಗೂ ಸುಲಭ. ನಮ್ಮ ಭಾವನಿಗೆ ಈಗ ಹತ್ತಿ ಬಟ್ಟೆ ತನ್ನಿ ಅಂತಲೇ ಹೇಳುದು.

ಹೊಸತು ಹಚ್ಚುವ ಮೊದಲು

ಒಮ್ಮೆಗೆ ಒಂದೇ. ಮೊಣಕೈಯ ಒಳಬದಿಗೆ ಒಂದು ಚೂರು ಹಚ್ಚಿ ಎರಡು ದಿನ ನೋಡಿ, ಏನೂ ಆಗದಿದ್ರೆ ಮೈಗೆ, ಮತ್ತೊಂದು ಹೊಸತು ವಾರ ಬಿಟ್ಟು. ಹದಿನೇಳು ಒಟ್ಟಿಗೆ ಹಚ್ಚಿದ್ರೆ ಯಾವುದರಿಂದ ಆದದ್ದು ಅಂತ ಡಾಕ್ಟ್ರಿಗೂ ಹೇಳ್ಲಿಕ್ಕೆ ಆಗುದಿಲ್ಲ, ನಮಗೆ ಆದದ್ದು ಅದೇ.

ಕೆಂಪು ಎದ್ದರೆ ಬರೀ ನೀರಲ್ಲಿ ತೊಳೆದು ಎಲ್ಲ ನಿಲ್ಲಿಸಿ, ಆ ಜಾಗದ ಫೋಟೋ ತೆಗ್ದಿಡಿ. ಜ್ವರ ಇದ್ರೆ, ನೀರುಗುಳ್ಳೆ ಎದ್ದರೆ, ಮುಖ ತುಟಿ ಊದಿದ್ರೆ, ಮಗು ಹಾಲು ಕುಡಿಯದಿದ್ರೆ ರಾತ್ರಿ ಅಂತ ನೋಡ್ಬೇಡಿ, ಆಸ್ಪತ್ರೆಗೆ ಹೋಗಿ, ಹೋಗುವಾಗ ಹಚ್ಚಿದ ಕುಪ್ಪಿಯನ್ನೂ ಚೀಲಕ್ಕೆ ಹಾಕಿ. ಸಿಟ್ಟಲ್ಲಿ ಅದನ್ನು ಬಿಸಾಡ್ಬೇಡಿ, ಬಿಲ್ಲೂ ಇಟ್ಕೊಳ್ಳಿ, ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿದ್ರೂ, ಡ್ರಗ್ಸ್ ಕಂಟ್ರೋಲ್ ಇಲಾಖೆಗೆ ಬರೆದು ಕೊಟ್ರೂ ಬ್ಯಾಚ್ ನಂಬರ್ ಬೇಕಾಗ್ತದೆ, ಅದು ಇರುದು ಆ ಕುಪ್ಪಿಯ ಮೇಲೆ.